ಕೊಡ್ಲಿಗೆ ಹೋಗದ ಸುದ್ದಿ

ಲಾಲಮ್ಮನ ಹೆಣ ಅಂಗಳದಲ್ಲಿತ್ತು. ನಾವು ಅವಳ ತವರಿನವರ ಹಾದಿ ಕಾಯುತ್ತಿದ್ದೆವು.

ನಮ್ಮಲ್ಲಿ ಮದುವೆಯಾದ ಹೆಣ್ಣು ಸತ್ತರೆ ತವರಿನವರು ಬಂದು ಸೀರೆ ಹೊದಿಸಬೇಕು. ಹೆತ್ತವಳು ಕೊನೆಯ ಸಲ ಮುಖ ನೋಡಬೇಕು. ಅಲ್ಲಿಯವರೆಗೆ ಹೆಣ ಎತ್ತುವುದಿಲ್ಲ. ಗಂಡ ಹೊದಿಸಿದ ಸೀರೆ ಸೀರೆಯಲ್ಲ. ನನ್ನ ಹೆಂಡತಿಯ ತವರು ಚಿಂಚೋಳಿ ತಾಲೂಕಿನ ಕೊಡ್ಲಿ. ನಮ್ಮೂರು ಈ ಕಡೆ, ಶಹಾಬಾದ ಹತ್ತಿರ, ಭಂಕೂರ ದಾಟಿ. ಬಸ್ಸು ಸಿಕ್ಕರೆ ಬಸ್ಸು, ಇಲ್ಲದಿದ್ದರೆ ಕಾಲು.

ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದ ಮರುವರ್ಷದ ಆಷಾಢ ಅದು. ಹೆಸರು ಬದಲಾದದ್ದು ನಮ್ಮ ಹೊಲಗೇರಿಗೆ ಗೊತ್ತಾಗಿರಲಿಲ್ಲ. ಗೊತ್ತಾಗಿದ್ದರೂ ಕಲ್ಲು ಅಷ್ಟೇ ಭಾರ ಇರುತ್ತಿತ್ತು.

ನಮ್ಮ ನೆಲದಲ್ಲಿ ಒಂದು ಮೊಳ ಮಣ್ಣು, ಅದರ ಕೆಳಗೆಲ್ಲ ಕಲ್ಲು. ಪದರ ಪದರವಾಗಿ ಏಳುವ, ಮನೆಯ ನೆಲಕ್ಕೆ ಹಾಸುವ ಫರಸಿ. ಊರ ಗೌಡರ ಕಲ್ಲಿನ ಕಣಿಯಲ್ಲಿ ನಾನು ಹಾರೆ ಹಾಕಿ ಪದರ ಎಬ್ಬಿಸುತ್ತಿದ್ದೆ. ಲಾಲಮ್ಮ ಕಣಿಯ ತಳದಲ್ಲಿ ಚೂರುಕಲ್ಲು ಬುಟ್ಟಿಗೆ ತುಂಬಿ, ತಲೆಯ ಮೇಲೆ ಹೊತ್ತು ದಡಕ್ಕೆ ಹಾಕುತ್ತಿದ್ದಳು. ನಮ್ಮ ಇಬ್ಬರು ಮಕ್ಕಳು ದಡದ ಮೇಲಿನ ಬೇವಿನ ಗಿಡದ ಕೆಳಗಿರುತ್ತಿದ್ದರು. ದೊಡ್ಡವಳು ಭೀಮಬಾಯಿ, ಭೀಮಿ ಅನ್ನುತ್ತಿದ್ದೆವು. ಮೂರನೆಯ ಇಯತ್ತೆಗೆ ಶಾಲೆ ಬಿಟ್ಟು ತಮ್ಮನನ್ನು ನೋಡಿಕೊಳ್ಳುತ್ತಿದ್ದಳು. ತಮ್ಮ ಜಗು. ಅವನಿಗೆ ಇನ್ನೂ ಚಡ್ಡಿ ಹಾಕುವುದು ಗೊತ್ತಿರಲಿಲ್ಲ.

ಕಣಿಯಲ್ಲಿ ಒಂದು ರೂಢಿ ಇತ್ತು. ಮೇಲಿನ ಪದರ ಕೆಡವುವ ಮೊದಲು ಮೇಲಿದ್ದವನು ಕೂಗಬೇಕು: “ಕೆಳಗ ಯಾರ್ರೋ?” ಕೆಳಗೆ ಇದ್ದವರು “ಓ” ಅನ್ನಬೇಕು, ಸರಿಯಬೇಕು. ಮೇಲಿನವನು ಮತ್ತೆ ಕೂಗಬೇಕು. ಕೆಳಗಿನಿಂದ ಏನೂ ಕೇಳದಿದ್ದರೆ ಮಾತ್ರ ಹಾರೆ ಒತ್ತಬೇಕು. ನಮ್ಮಪ್ಪನ ಕಾಲದಿಂದ ಹೀಗೇ. ಅದನ್ನು ಯಾರೂ ಬರೆದಿಟ್ಟಿರಲಿಲ್ಲ. ಅದು ನಮ್ಮ ಜೀವ ಕಾಯುತ್ತಿತ್ತು.

ಆ ವಾರ ಶಹಾಬಾದ ಸ್ಟೇಷನ್ನಿನಲ್ಲಿ ಕಲ್ಲು ತುಂಬಲು ವ್ಯಾಗನ್ ಬಂದು ನಿಂತಿದ್ದವು. ಆಳುಗಳ ಮೇಲೆ ನಿಂತು ಕೆಲಸ ಮಾಡಿಸುವ ಮುಕಾದಮ ಅವಸರ ಮಾಡಿದ. “ಸುಮ್ಮ ಕೂಗಿ ಕೂಗಿ ಹೊತ್ತ ಕಳೀತೀರಿ. ಮ್ಯಾಲಿನವರು ಮ್ಯಾಲ ಮಾಡ್ರಿ, ಕೆಳಗಿನವರು ಕಣ್ಣ ತೆರಕೊಂಡು ಮಾಡ್ರಿ. ಕೂಗಾಟ ಬಂದ್.” ಬಂದ್ ಆಯಿತು. ಮಳೆಗೆ ಸಡಿಲಾದ ಮಣ್ಣಿನ ಸಮೇತ ಪದರ ಕೆಳಗೆ ಬಂತು. ನಾನು ಕಣಿಯ ಆಚೆ ತುದಿಯಲ್ಲಿದ್ದೆ. ಓಡಿ ಬಂದು, ನಾಲ್ಕು ಮಂದಿ ಸೇರಿ ಕಲ್ಲೆತ್ತಿದೆವು. ಬುಟ್ಟಿ ಲಾಲಮ್ಮನ ತಲೆಯ ಮೇಲೆಯೇ ಚಪ್ಪಟೆಯಾಗಿತ್ತು. ದಡದ ಮೇಲಿಂದ ಭೀಮಿ ನೋಡುತ್ತಿದ್ದಳು. ತಮ್ಮನ ಮುಖವನ್ನು ತನ್ನ ಹೊಟ್ಟೆಗೆ ಒತ್ತಿಕೊಂಡಿದ್ದಳು. ಅವಳ ಮುಖ ಒತ್ತಿಕೊಳ್ಳುವವರು ಯಾರೂ ಇರಲಿಲ್ಲ.

ಅದೇ ದಿನ ಊರೊಳಗೆ ಗೌಡರ ಮುದುಕಿ ತಾಯಿಯೂ ಸತ್ತಳು. ವಯಸ್ಸಾಗಿ, ಹಾಸಿಗೆಯ ಮೇಲೆ, ಮೊಮ್ಮಕ್ಕಳ ಕೈಯಿಂದ ನೀರು ಕುಡಿದು.

ಗೌಡರ ಮನೆಯಲ್ಲಿ ಸಾವಾದರೆ ಬೀಗರ ಊರುಗಳಿಗೆ ಸುದ್ದಿ ಒಯ್ಯುವುದು ನಮ್ಮ ಕೇರಿಯ ಕೆಲಸ. ಬೀಗರ ಬಾಗಿಲ ಹೊರಗೆ ನಿಂತು, ಕೂಡದೆ, ನೀರು ಕೇಳದೆ, ಸತ್ತವರ ಹೆಸರು ಹೇಳಿ ತಿರುಗಿ ಬರಬೇಕು. ಅವರ ಹತ್ತಿರ ಜೀಪಿತ್ತು. ಆದರೆ ಜೀಪು ಸುದ್ದಿಗಲ್ಲ, ಬೀಗರನ್ನು ಕೂಡಿಸಿಕೊಂಡು ಬರುವುದಕ್ಕೆ. ಸುದ್ದಿಗೆ ನಮ್ಮ ಕಾಲು. ಕೇರಿಯಲ್ಲಿ ಈ ಕೆಲಸದ ವಾಲೀಕಾರ ನನ್ನ ಅಣ್ಣ ಗೊಲ್ಲಾಳಪ್ಪ. ಅದಕ್ಕಾಗಿ ಅವನಿಗೆ ಹಳ್ಳದ ದಂಡೆಯಲ್ಲಿ ಒಂದು ತುಂಡು ಹೊಲ ಬಿಟ್ಟಿದ್ದರು.

ನಮ್ಮ ಸೋದರತ್ತೆಯ ಮಗ ಅಮೃತಪ್ಪ ಕೊಡ್ಲಿಗೆ ಹೊರಟಿದ್ದ. ಚಪ್ಪಲಿ ಮೆಟ್ಟಿದ್ದ. ರೊಟ್ಟಿ ಕಟ್ಟಿಕೊಂಡಿದ್ದ. ಅಷ್ಟರಲ್ಲಿ ಅಣ್ಣ ಗೌಡರ ಮನೆಯಿಂದ ಬಂದ.

“ಎಲ್ಲಿಗಿ ಹೊಂಟಿ?”

“ಕೊಡ್ಲಿಗಿ. ವೈನಿ ತವರಿಗಿ ಹೇಳಬೇಕಲ್ಲ.”

“ನೀ ಬ್ಯಾಡ. ಗೌಡರ ಜೀಪ ಚಿಂಚೋಳಿಗಿ ಹೊಂಟದ. ಹಾದ್ಯಾಗ ಕೊಡ್ಲಿ ಬರ್ತದ. ಲಾಲವ್ವನ ತಾಯೀನ ಜೀಪಿನ್ಯಾಗೇ ಕೂಡಿಸ್ಕೊಂಡು ಬರ್ತಾರ. ಸಣ್ಣಗೌಡರು ಖುದ್ದ ಹೇಳ್ಯಾರ. ನೀ ಸೇಡಂಗ ಹೋಗು, ಅವರ ಬೀಗರಿಗಿ ಹೇಳಿ ಬಾ. ನಾ ನಾಲವಾರಕ್ಕ ಹೊಂಟೀನಿ.”

ಅಮೃತಪ್ಪ ಅಲ್ಲಾಡಲಿಲ್ಲ. “ಜೀಪಿನ್ಯಾಗ ನಮ್ಮವರನ್ನ ಕೂಡಸ್ತಾರೇನು?”

“ಇಂಥ ಹೊತ್ತಿನ್ಯಾಗೂ ಕೂಡಸಂಗಿಲ್ಲೇನು? ಅವರ ಮನ್ಯಾಗೂ ಸತ್ತಾರ. ಅವರಿಗೂ ತಾಯಿ ಅಂದ್ರ ಗೊತ್ತದ.”

ಈ ಮಾತಿಗೆ ನಾವೆಲ್ಲ ಸೋತೆವು. ಅಮೃತಪ್ಪ ಸೇಡಂಗೆ ಹೋದ. ಹೆಣದ ಸುತ್ತ ಕೂತ ಮುದುಕಿಯರಲ್ಲಿ ಒಬ್ಬಳು ಮೂಗು ಒರೆಸಿಕೊಂಡು, “ನಮ್ಮ ಪೀರವ್ವ ಜೀಪಿನ್ಯಾಗ ಇಳೀತಾಳಂದ್ರ, ಅದನ್ನ ನೋಡಾಕರೆ ಲಾಲಿ ಎದ್ದು ಕೂಡ್ತಾಳ ತಗೋ” ಅಂದಳು. ಅಳುತ್ತಿದ್ದವರು ಸ್ವಲ್ಪ ನಕ್ಕರು. ಪೀರಮ್ಮ ಎಂದರೆ ನನ್ನ ಅತ್ತೆ, ಲಾಲಮ್ಮನ ತಾಯಿ.

ಜಗುವನ್ನು ಅಣ್ಣನ ಹೆಂಡತಿ ಹೀರಾಬಾಯಿ ತನ್ನ ಮನೆಗೆ ಎತ್ತಿಕೊಂಡು ಹೋದಳು. ಅವನು ಅವ್ವ ಎಲ್ಲಿ ಎಂದು ಕೇಳಿದಾಗ, “ನಿಮ್ಮವ್ವ ಕೊಡ್ಲಿಗಿ ಹೋಗ್ಯಾಳಪ್ಪ, ಪಂಚಮಿ ಉಂಡಿ ತರಾಕ” ಅಂದಳು. ಅಳು ನಿಲ್ಲಿಸಲು ಹೇಳಿದ್ದು. ಮಗು ನಂಬಿತು.

ಭೀಮಿ ತಾಯಿಯ ತಲೆಯ ಹತ್ತಿರ ಕೂತು ನೊಣ ಹೊಡೆಯುತ್ತಿದ್ದಳು. “ಅವ್ವಾ, ಆಯಿ ಜೀಪಿನ್ಯಾಗ ಬರಾಕತ್ತಾಳ” ಅಂತ ಹೆಣದ ಕಿವಿಯಲ್ಲಿ ಹೇಳಿದಳು. ನಡುನಡುವೆ ಎದ್ದು ರಸ್ತೆಯವರೆಗೆ ಹೋಗಿ ನೋಡಿ ಬರುತ್ತಿದ್ದಳು.

ಹೊತ್ತು ಮುಳುಗಿತು. ಬೆಳಗಾಯಿತು. ಜಿಟಿಜಿಟಿ ಮಳೆ. ಹೆಣ ಬಾತುಕೊಳ್ಳಲು ಶುರುವಾಯಿತು. ಹೆಂಗಸರು ಬೇವಿನ ಸೊಪ್ಪು ತಂದು ಸುತ್ತ ಹರಡಿದರು. ಮಧ್ಯಾಹ್ನದ ಹೊತ್ತಿಗೆ ಜೀಪಿನ ಸದ್ದು ಕೇಳಿತು. ನಾನು ಓಡಿದೆ. ನನ್ನ ಹಿಂದೆ ಭೀಮಿ.

ಗೌಡರ ಮನೆಯ ಮುಂದೆ ಜೀಪು ನಿಂತಿತು. ರೇಶಿಮೆ ಸೀರೆಯ ಹೆಂಗಸರು ಸೆರಗು ಸರಿಮಾಡಿಕೊಂಡು ಇಳಿದರು. ಎಲ್ಲರೂ ಇಳಿದ ಮೇಲೂ ನಾನು ಒಳಗೆ ನೋಡುತ್ತಿದ್ದೆ. ಸೀಟು ಖಾಲಿ ಇತ್ತು. ಡ್ರೈವರ್ ಗನಿಸಾಬ ಗಾಜು ಒರೆಸುತ್ತಿದ್ದ.

“ಗನಿಮಾಮಾ, ನಮ್ಮತ್ತಿ ಎಲ್ಲಿ?”

“ಯಾವ ಅತ್ತಿ?”

“ಕೊಡ್ಲಿಯಾಕಿ. ನಿಮ್ಮ ಸಂಗಟ ಬರ್ತಾಳಂತ ಹೇಳಿದ್ರಲ್ಲ.”

ಅವನ ಕೈ ಗಾಜಿನ ಮೇಲೇ ನಿಂತಿತು. ನನ್ನ ಹೆಸರು ಹಿಡಿದು ಹೇಳಿದ: “ಕೊಡ್ಲಿ ಮ್ಯಾಲಿಂದೇ ಬಂದೀವಲ್ಲೋ ಭಗವಂತ. ಕ್ರಾಸಿನ್ಯಾಗ ನಿಂತು ಚಾ ಕುಡದೀವಿ. ನನಗ ಯಾರೂ ಏನೂ ಹೇಳಿಲ್ಲೋ. ಖುದಾನ ಆಣಿ. ಹೇಳಿದ್ರ ನಾ ಬಿಟ್ಟು ಬರ್ತಿದ್ನೇನು?”

ಕಟ್ಟೆಯ ಮೇಲೆ ಸಣ್ಣಗೌಡ ನಿಂತಿದ್ದ. ಗೌಡರ ಮಗ. ಮುದುಕಿಯ ಮೊಮ್ಮಗ. ನಾನು ಅವನ ಕಡೆ ನೋಡಿದೆ. ಬಾಯಿ ಬಿಡುವ ಮೊದಲೇ ಅವನು ಹೇಳಿದ:

“ಜೀಪಿನ್ಯಾಗ ಜಾಗಾ ಇಲ್ಲ, ನಿಮ್ಮ ಸುದ್ದಿ ನೀವು ನೋಡ್ಕೋರಿ ಅಂತ ನಿಮ್ಮಣ್ಣಗ ನಿನ್ನೇನೇ ಹೇಳೀನಿ. ಅವಗ ಹೋಗಿ ಕೇಳು. ಹೆಣ ಇಟಗೊಂಡು ಕುಂತ ಮನಿ ಮುಂದ ಬಂದು ಗದ್ದಲ ಮಾಡಬ್ಯಾಡ.”

ನಾನೂ ಹೆಣ ಇಟ್ಟುಕೊಂಡು ಕೂತವನೇ. ಅದು ಅವನಿಗೆ ಕಾಣಲಿಲ್ಲ.

ಅಣ್ಣ ನಾಲವಾರದಿಂದ ರೈಲಿಗೆ ಬಂದಿದ್ದ. ತನ್ನ ಮನೆಯ ಮುಂದೆ ಹುಲ್ಲು ಉರಿಸಿ ಹಲಗೆ ಕಾಯಿಸುತ್ತಿದ್ದ. ಗೌಡರ ಮನೆಯ ಮೆರವಣಿಗೆಗೆ ಬಾರಿಸಬೇಕಿತ್ತು.

“ಅಣ್ಣಾ. ಜೀಪಿನ್ಯಾಗ ಜಾಗಾ ಇಲ್ಲಂತ ನಿನಗ ನಿನ್ನೇನೇ ಹೇಳಿದ್ರೇನು?”

ಅವನು ಹಲಗೆ ತಿರುವಿ ಮತ್ತೊಂದು ಮಗ್ಗುಲು ಬೆಂಕಿಗೆ ಹಿಡಿದ.

“ಹೇಳಿದ್ರು.”

“ಮತ್ತ ನಮಗ್ಯಾಕ ಸುಳ್ಳು ಹೇಳಿದಿ?”

“ನೀವೆಲ್ಲಾ ಕೊಡ್ಲಿಗಿ ಓಡಿದ್ರ ಸೇಡಂಗ ಯಾರು ಹೋಗೋರು? ಇಲ್ಲಿ ತೆಗ್ಗ ತೋಡೋರು ಯಾರು? ಒಬ್ಬ ಆಳು ಕಮ್ಮಿ ಆದ್ರೂ ಹೊಲ ಕಸಗೋತೀನಿ ಅಂದಾನ ಸಣ್ಣಗೌಡ. ನನಗೂ ಮಕ್ಕಳವ.”

“ನೀ ಜ್ವರ ಬಂದು ಬಿದ್ದಾಗ ಲಾಲಿ ನಿನ್ನ ವಾಂತಿ ಬಳದಾಳ.”

“ಹೌದು. ಬಳದಾಳ. ಈಗ ಸತ್ತಾಳ. ಸತ್ತಾಕಿಗಿ ಏನು ತಿಳೀತದೋ ತಮ್ಮಾ, ಯಾರು ಬಂದ್ರು ಯಾರು ಬಿಟ್ರು.”

ಹಲಗೆ ಕೊರಳಿಗೆ ಹಾಕಿಕೊಂಡು ಎದ್ದು ಹೋದ. ನಾನು ಹಿಂದೆ ತಿರುಗಿದೆ. ಭೀಮಿ ನಿಂತಿದ್ದಳು. ಸತ್ತವಳಿಗೆ ತಿಳಿಯದೆ ಇರಬಹುದು. ಬದುಕಿದ್ದವಳು ಎಲ್ಲ ಕೇಳಿಸಿಕೊಂಡಿದ್ದಳು.

ಇನ್ನು ಕಾಯುವಂತಿರಲಿಲ್ಲ. ತವರಿನ ಸೀರೆ ಇಲ್ಲದೆಯೇ ಹೆಣ ಎತ್ತಿದೆವು. ನಮ್ಮವರನ್ನು ಮಣ್ಣು ಮಾಡುವ ಜಾಗ ಹಳ್ಳದಾಚೆ. ಅಲ್ಲಿಯೂ ಕೆಳಗೆ ಕಲ್ಲು. ಕಣಿಯ ಹಾರೆಗಳನ್ನೆಲ್ಲ ಮುಕಾದಮ ಗೌಡರ ಮುದುಕಿಯ ತೆಗ್ಗಿಗೆ ಒಯ್ದಿದ್ದ. ಕೇರಿಯ ಗಂಡಸರೂ ಅಲ್ಲಿಯೇ. ನಾನು, ಕಣಿಯ ಕೆಲವು ಹೆಂಗಸರು, ಕಣಿಯಲ್ಲಿ ಲಾಲಮ್ಮನ ಜೋಡಿಯಾಗಿದ್ದ ಇಮಾಮ್ಬೀ, ಇಷ್ಟೇ ಮಂದಿ. ಕುಡಗೋಲು, ಸಲಿಕೆ, ಒಂದು ಮುರುಕು ಗುದ್ದಲಿ. ದಿನವೂ ಕಲ್ಲು ಒಡೆಯುವ ಕೈ ನನ್ನದು. ಹೆಂಡತಿಗೆ ಎದೆಮಟ್ಟ ತೆಗ್ಗು ತೋಡಲು ಆಗಲಿಲ್ಲ. ಮೊಣಕಾಲು ಮಟ್ಟಕ್ಕೆ ಇಳಿಸಿ, ನಾಯಿ ಕೆದರದಂತೆ ಮೇಲೆ ಕಲ್ಲು ಹೇರಿದೆವು. ಕಲ್ಲು ಬಿದ್ದು ಸತ್ತವಳ ಮೇಲೆ ಮತ್ತೆ ಕಲ್ಲು. ಆಚೆಯಿಂದ ಹಲಗೆ ಕೇಳುತ್ತಿತ್ತು. ಅಣ್ಣನ ಕೈ ನನಗೆ ಗೊತ್ತು. ಚೆನ್ನಾಗಿ ಬಾರಿಸುತ್ತಿದ್ದ.

ಸೇಡಂನಿಂದ ಬಂದ ಅಮೃತಪ್ಪ ವಿಷಯ ತಿಳಿದು ನಿಂತ ಕಾಲಿನಲ್ಲೇ ಕೊಡ್ಲಿಗೆ ಹೋದ. ಪೀರಮ್ಮನ ಗುಡಿಸಲಿಗೆ ಮುಳ್ಳು ಮುಚ್ಚಿತ್ತು. ಕಳೆ ತೆಗೆಯುವ ಹೆಂಗಸರ ಜೊತೆ ತೆಲುಗರ ಸೀಮೆಗೆ ಹೋಗಿದ್ದಳು. ಯಾವ ಊರೋ ಯಾರಿಗೂ ಗೊತ್ತಿರಲಿಲ್ಲ. “ನಿನ್ನಿ ತನಾ ಇಲ್ಲೇ ಇದ್ಲಪ್ಪ, ಇವತ್ತ ಮುಂಜಾನೆ ಹೋದ್ಲು” ಎಂದು ನೆರೆಯವರು ಹೇಳಿದರಂತೆ. ಅಮೃತಪ್ಪ ಅದನ್ನು ನನಗೆ ಹೇಳಿ, ತನ್ನ ಚಪ್ಪಲಿ ಬಿಚ್ಚಿ ಗೋಡೆಗೆ ಒಗೆದ. ಮರುದಿನ ಊರು ಬಿಟ್ಟು ವಾಡಿಗೆ ಹೋದ. ಅಲ್ಲಿ ಫರಸಿ ಪಾಲಿಶ್ ಮಾಡುವ ಕಡೆ ಕೆಲಸ ಸಿಕ್ಕಿತು.

ನಾನು ಎಲ್ಲಿಗೆ ಹೋಗಲಿ? ಮತ್ತೆ ಅದೇ ಕಣಿಗೆ ಇಳಿದೆ. ಮಕ್ಕಳನ್ನು ಅದೇ ಬೇವಿನ ಗಿಡದ ಕೆಳಗೆ ಕೂಡಿಸಿದೆ.

ಭೀಮಿ ಕೂಡಲಿಲ್ಲ. ದಡದ ತುದಿಗೆ ಬಂದು ನಿಂತಳು.

“ಅಪ್ಪಾ.”

“ಓ.”

ನಾನು ಹಾರೆ ಎತ್ತಿದೆ. ಇನ್ನೂ ಇಳಿಸಿರಲಿಲ್ಲ.

“ಅಪ್ಪಾ.”

“ಓ ಅಂದ್ನಲ್ಲ ಭೀಮಿ.”

ಸುಮ್ಮನಾಗುತ್ತಿದ್ದಳು. ಮತ್ತೆ ಕೂಗುತ್ತಿದ್ದಳು. ದಿನವೆಲ್ಲ ಹೀಗೆಯೇ. ಕಲ್ಲೆತ್ತುವಾಗ ಉಸಿರು ಬಿಗಿಹಿಡಿದು ನಾನು ಓ ಅನ್ನದಿದ್ದರೆ ಕಿರುಚುತ್ತಿದ್ದಳು. ಕುತ್ತಿಗೆಯ ನರ ಉಬ್ಬಿ ಬರುತ್ತಿತ್ತು. ಆಗ ಇಮಾಮ್ಬೀ ಕೆಳಗಿನಿಂದ, “ಅದಾನವಾ ನಿಮ್ಮಪ್ಪ. ಇಷ್ಟು ದೊಡ್ಡ ಕಲ್ಲ ಹೊತ್ತು ಎಲ್ಲಿ ಹಾರಿ ಹೋಗ್ತಾನ” ಅನ್ನುತ್ತಿದ್ದಳು. ಭೀಮಿಗೆ ಬೇರೆಯವರ ಮಾತು ಸಾಲದು. ಮನೆಯಲ್ಲಿ ನಾನು ತಂಬಿಗೆ ಹಿಡಿದು ಬಯಲಿಗೆ ಹೋದರೂ ಹಿಂದೆ ಬಂದು, ಬೇಲಿಯ ಈಚೆ ನಿಂತು ಕೂಗುತ್ತಿದ್ದಳು. ದೊಡ್ಡಪ್ಪನ ಮನೆಯ ರೊಟ್ಟಿ ಮುಟ್ಟುತ್ತಿರಲಿಲ್ಲ. ಜಗು ಮಾತ್ರ ಮೊದಲಿನಂತೆಯೇ ದೊಡ್ಡಪ್ಪನ ಹೆಗಲ ಮೇಲೆ ಕೂತು ಬರುತ್ತಿದ್ದ. ಬಂದವನು, “ಅವ್ವ ಯಾವಾಗ ಬರ್ತಾಳ? ಉಂಡಿ ಆಗ್ಯಾವೇನು?” ಎಂದು ಕೇಳುತ್ತಿದ್ದ. ಭೀಮಿ ನನ್ನ ಮುಖ ನೋಡುತ್ತಿದ್ದಳು. ನಾನು ಒಲೆಗೆ ಕಟ್ಟಿಗೆ ಹಾಕುತ್ತಿದ್ದೆ.

ಮುಕಾದಮ ಬಂದ. “ನಿನ್ನ ಮಗಳಿಗಿ ಹುಚ್ಚು ಹತ್ತೇದೇನೋ? ಬಾಯಿ ಮುಚ್ಚಸು. ಆಳುಗಳು ಕೆಲಸ ಬಿಟ್ಟು ಆಕಿನ್ನ ನೋಡ್ತಾವ.”

“ಕೂಗೋದು ಬಿಟ್ಟಿದ್ದಕ್ಕೇ ಆಕಿ ತಾಯಿ ಸತ್ತಾಳ್ರಿ.”

“ಏನಂದಿ?”

“ಏನಿಲ್ರಿ. ಕೂಗಲಿ ಬಿಡ್ರಿ ಅಂದೆ.”

ಅವನು ಕಲ್ಲಿಗೆ ಉಗುಳಿ ಹೋದ.

ಪಂಚಮಿ ಹತ್ತಿರ ಬಂದಾಗ ಒಂದು ಸಂಜೆ ಪೀರಮ್ಮ ಬಂದಳು. ತೆಲುಗರ ಸೀಮೆಯ ಕೆಲಸ ಮುಗಿಸಿ, ಊರಿಗೂ ಹೋಗದೆ, ರೈಲು ಹಿಡಿದು ನೆಟ್ಟಗೆ ನಮ್ಮಲ್ಲಿಗೆ ಬಂದಿದ್ದಳು. ಮಗಳನ್ನು ಹಬ್ಬಕ್ಕೆ ಕರೆದೊಯ್ಯಲು. ತಲೆಯ ಮೇಲೆ ಗಂಟು. ಬಿಸಿಲಿಗೆ ಸುಟ್ಟ ಮುಖದ ತುಂಬ ನಗು. ಜಗು ಅವಳ ಕಾಲು ತಬ್ಬುವವನಂತೆ ಓಡಿಹೋದವನು, ಅವಳನ್ನು ದಾಟಿ ಹಿಂದಿನ ಹಾದಿ ನೋಡಿದ.

“ಆಯಿ, ಅವ್ವ ಎಲ್ಲಿ? ಹಿಂದ ಬರಾಕತ್ತಾಳೇನು?”

“ನಿಮ್ಮವ್ವಗ ಕರೀಲಿಕ್ಕೇ ಬಂದೀನೋ ಹುಚ್ಚಪ್ಪ. ಕಣಿಯಿಂದ ಇನ್ನೂ ಬಂದಿಲ್ಲೇನು ಆಕಿ?”

“ಅವ್ವ ಕೊಡ್ಲಿಗಿ ಹೋಗ್ಯಾಳಲ್ಲ. ನಿಮ್ಮನಿಗಿ. ದೊಡ್ಡವ್ವ ಹೇಳ್ಯಾಳ.”

ಪೀರಮ್ಮನ ನಗು ಮುಖದ ಮೇಲೇ ಉಳಿದಿತ್ತು. ಕಣ್ಣು ನನ್ನ ಕಡೆ ಬಂದವು. ಭೀಮಿ ಒಳಗಿನಿಂದ ಬಂದು ಬಾಗಿಲ ಹೊರಗೆ ನಿಂತಳು. ಸುದ್ದಿ ಒಯ್ದ ನಮ್ಮ ಗಂಡಸರು ಪರವೂರಿನ ಬಾಗಿಲಲ್ಲಿ ನಿಲ್ಲುವಂತೆ ಕೈ ಇಳಿಬಿಟ್ಟುಕೊಂಡು ನಿಂತಳು.

“ಆಯಿ, ಅವ್ವ ಸತ್ತಾಳ. ಕಲ್ಲು ಬಿದ್ದು ಸತ್ತಾಳ. ನಿನಗ ಹೇಳಾಕ ಯಾರೂ ಬರಲಿಲ್ಲ. ದೊಡ್ಡಪ್ಪ ಜೀಪ ಬರ್ತದಂತ ಸುಳ್ಳು ಹೇಳಿದ. ನಾ ಹಾದಿ ನೋಡ್ದೆ. ನೀ ಬರಲಿಲ್ಲ.”

ಒಂದೇ ಉಸಿರಿನಲ್ಲಿ ಹೇಳಿದಳು. ಪೀರಮ್ಮ ಗಂಟನ್ನು ನಿಧಾನವಾಗಿ ಇಳಿಸಿದಳು. ಗಾಜಿನ ಸಾಮಾನು ಇಳಿಸಿದಂತೆ. ಆಮೇಲೆ ಕೂತಳು.

“ಯಾವಾಗ?”

“ಗೌಡರ ಮುದುಕಿ ಸತ್ತ ದಿನಾನೇ” ಅಂದೆ. “ಮರುದಿನ ಮಧ್ಯಾಹ್ನ ತನಾ ನಿನ್ನ ಹಾದಿ ಕಾದೀವಿ ಅತ್ತಿ. ಜೀಪ ಕೊಡ್ಲಿ ಮ್ಯಾಲಿಂದ ಹಾದು ಬಂತು, ನಿನ್ನ ಬಿಟ್ಟು.”

“ನಾ ಆ ಜೀಪ ನೋಡೀನಿ” ಅಂದಳು ಪೀರಮ್ಮ. “ಹುಲ್ಲು ಮಾರಾಕ ಕ್ರಾಸಿಗಿ ಬಂದಿದ್ದೆ. ನಮ್ಮ ಲಾಲಿ ಊರಿನ ಜೀಪ ಅಂತ ಗುರುತು ಹಿಡದೆ. ಲಾಲಿ ಹ್ಯಾಂಗದಾಳ ಅಂತ ಡ್ರೈವರಗ ಕೇಳಬೇಕಂತ ಹೊರಿ ಇಳಸಿ ಓಡಿದೆ. ಚಾ ಕುಡದು ಹೊಂಟೇ ಬಿಟ್ರು. ಧೂಳ ಬಂತು ಮುಖಕ್ಕ.”

ಆಮೇಲೆ ಅತ್ತಳು. ಅವಳ ಅಳು ಕೇಳಿ ಭೀಮಿಯೂ ಅತ್ತಳು. ತಾಯಿ ಸತ್ತ ದಿನದಿಂದ ಅವಳು ಅತ್ತಿರಲಿಲ್ಲ. ಜಗು ಇಬ್ಬರ ಮುಖ ನೋಡಿದ. “ಸತ್ತಾಳಂದ್ರ ಉಂಡಿ ತರಂಗಿಲ್ಲೇನು?” ಅಂದ. ನಾನು ಅವನನ್ನು ತೊಡೆಯ ಮೇಲೆ ಕೂಡಿಸಿಕೊಂಡು ಹೇಳಿದೆ. ತರಂಗಿಲ್ಲಪ್ಪ. ಬರಂಗಿಲ್ಲ. ಎಂದಿಗೂ ಬರಂಗಿಲ್ಲ. ನಾವಿದ್ದೀವಿ. ಅವನು ನನ್ನ ಎದೆಗೆ ಗುದ್ದಿದ. ಗುದ್ದಿ ಗುದ್ದಿ ದಣಿದು ಅಲ್ಲಿಯೇ ನಿದ್ದೆ ಹೋದ.

ಮರುದಿನ ಪೀರಮ್ಮ ಗಂಟು ಬಿಚ್ಚಿದಳು. ಹಸಿರು ಸೀರೆ, ಹಳದಿ ಅಂಚು. ಕಳೆ ತೆಗೆದ ಕೂಲಿಯಲ್ಲಿ ಮಗಳಿಗೆ ಕೊಂಡದ್ದು. ಅದನ್ನು ಹಿಡಿದು ಹಳ್ಳದಾಚೆ ಹೋದೆವು. ಕಲ್ಲುಗುಪ್ಪೆಯ ಮುಂದೆ ಅವಳು ಬಹಳ ಹೊತ್ತು ನಿಂತಳು. ಸೀರೆ ಹರವಿದಳು. ಮತ್ತೆ ಎತ್ತಿಕೊಂಡಳು.

“ಕಲ್ಲಿಗಿ ಹೊದಿಸಿ ಏನು ಮಾಡ್ಲಿ. ಕಲ್ಲಿಗಿ ಥಂಡಿ ಹತ್ತಂಗಿಲ್ಲ.”

ಹಲ್ಲಿನಿಂದ ಅಂಚು ಕಚ್ಚಿ ಸೀರೆಯನ್ನು ನಡುವೆ ಹರಿದಳು. ಅರ್ಧ ಭೀಮಿಗೆ ಸುತ್ತಿದಳು, ಅರ್ಧ ಜಗುವಿಗೆ. ಕಲ್ಲಿನ ಪಕ್ಕದಲ್ಲಿಯೇ ಇಬ್ಬರನ್ನೂ ಆಚೆ ಈಚೆ ಕೂಡಿಸಿಕೊಂಡು ಲಾಲಮ್ಮ ಸಣ್ಣವಳಿದ್ದಾಗಿನದು ಹೇಳಿದಳು. ಹಸಿ ಕಡಲೆ ಕದ್ದು ತಿಂದದ್ದು. ಎಮ್ಮೆಗೆ ಹೆದರಿ ಗಿಡ ಹತ್ತಿ ಇಳಿಯಲಾಗದೆ ಅತ್ತದ್ದು. ಜಗು ನಕ್ಕ. “ಮತ್ತ ಹೇಳು” ಅಂದ. ಭೀಮಿ, “ಗಿಡದ ಮ್ಯಾಲಿಂದ ಯಾರು ಇಳಸಿದ್ರು?” ಅಂದಳು. “ನಾನೇ. ಆಕಿ ಕೂಗಿದ್ಲು, ನಾ ಓ ಅಂದೆ” ಅಂದಳು ಪೀರಮ್ಮ.

ಅವಳು ಕೊಡ್ಲಿಗೆ ಹೋಗಲಿಲ್ಲ. ನಮ್ಮಲ್ಲಿಯೇ ಉಳಿದಳು. ಪ್ರತಿ ದಿನ ಒಂದೊಂದು ಹೇಳುತ್ತಿದ್ದಳು. ಭೀಮಿ ದಡದ ತುದಿಯಿಂದ ಸ್ವಲ್ಪ ಸ್ವಲ್ಪ ಹಿಂದೆ ಸರಿದಳು. ಎರಡು ಕೂಗಿನ ನಡುವೆ ನಾನು ಒಂದು ಕಲ್ಲು ಎತ್ತುವಷ್ಟು, ಆಮೇಲೆ ಒಂದು ಪದರ ಎಬ್ಬಿಸುವಷ್ಟು ಹೊತ್ತು ಸಿಗತೊಡಗಿತು.

ಶ್ರಾವಣ ಮುಗಿಯುವ ಮೊದಲೇ ದೊಡ್ಡಗೌಡರು ಸತ್ತರು. ತಾಯಿಯ ಹಿಂದೆಯೇ.

ಅಣ್ಣ ಬಂದ. ಜಗು ಓಡಿಹೋಗಿ ಅವನ ಹೆಗಲೇರಿದ.

“ತಮ್ಮಾ, ಜಲ್ದಿ ಹೊಂಡು. ಚಿಂಚೋಳಿಗಿ ಗೌಡರ ಮಗಳಿಗಿ ಹೇಳಬೇಕು. ಅಮೃತಪ್ಪ ಇಲ್ಲ. ನಾ ನಾಲವಾರಕ್ಕ ಹೋಗಬೇಕು. ಬರೋದು ನಾಳಿಗಿ ಆಗ್ತದ, ರೊಟ್ಟಿ ಕಟಗೊ.”

ಭೀಮಿ ನನ್ನ ಧೋತರದ ಚುಂಗು ಹಿಡಿದಳು. ಎಳೆಯಲಿಲ್ಲ. ಹಿಡಿದು ನಿಂತಳು.

“ಅಪ್ಪ, ನೀ ಅವರ ಸುದ್ದಿ ಒಯ್ತಿ. ನೀ ಸತ್ರ ನಮ್ಮ ಸುದ್ದಿ ಯಾರು ಒಯ್ತಾರ?”

ಬೈಗುಳವಲ್ಲ. ನಿಜವಾಗಿ ಕೇಳಿದಳು. ರಾತ್ರಿಯೆಲ್ಲ ಅದನ್ನೇ ಯೋಚಿಸಿದವಳ ಹಾಗೆ ಕೇಳಿದಳು. ನಾನು ಅಣ್ಣನ ಮುಖ ನೋಡಿದೆ. ಅವನು ಜಗುವಿನ ಕಾಲು ಸರಿಮಾಡುತ್ತಿದ್ದ.

“ನಾ ಹೋಗಂಗಿಲ್ಲ” ಅಂದೆ.

“ಏನು?”

“ಹೋಗಂಗಿಲ್ಲ. ಇವತ್ತಲ್ಲ. ಎಂದೂ ಹೋಗಂಗಿಲ್ಲ.”

“ತಲಿ ಕೆಟ್ಟದೇನೋ ನಿಂದು. ಕೂಸಿನ ಮಾತ ಕೇಳಿ ಊರು ಎದುರ ಹಾಕ್ಕೋತೀಯೇನು? ಹೊಲ ಹೋಗ್ತದ ನಂದು.”

“ಹೋಗ್ಲಿ. ನನ್ನ ಮನ್ಯಾಗ ಹೆಣ್ಣ ಹೋಗ್ಯಾಳ.”

ಮಾತು ಗೌಡರ ಮನೆಗೆ ಮುಟ್ಟಿತು. ಸಣ್ಣಗೌಡ ತಾನೇ ಬಂದ. ಕೇರಿಯ ಒಳಗೆ ಬರಲಿಲ್ಲ. ಹೊಲಸು ನೀರಿನ ಆಚೆ ನಿಂತ. ಜೊತೆಯಲ್ಲಿ ಮುಕಾದಮ. ಕೇರಿಯ ಮಂದಿ ತಮ್ಮ ತಮ್ಮ ಬಾಗಿಲಲ್ಲಿ ನಿಂತರು. ಯಾರೂ ನನ್ನ ಹತ್ತಿರ ಬರಲಿಲ್ಲ.

“ಏನೋ ಭಗವಂತ. ಸೊಕ್ಕು ಬಂದದೇನು?”

“ಸೊಕ್ಕಲ್ರಿ. ಮಕ್ಕಳನ್ನ ಬಿಟ್ಟು ಬರಂಗಿಲ್ಲ.”

“ನಮ್ಮಪ್ಪ ಸತ್ತಾನೋ.”

ಅವನ ದನಿ ಒಡೆಯಿತು. ಕಣ್ಣು ಕೆಂಪಾಗಿದ್ದವು. ಸುಳ್ಳಿನ ಅಳುವಲ್ಲ. ಒಂದು ಗಳಿಗೆ ನನ್ನ ಕಾಲು ತಾವಾಗಿ ಮುಂದೆ ಹೋಗುವಂತಾಯಿತು. ಹುಟ್ಟಿದಾಗಿನಿಂದ ರೂಢಿಯಾದ ಕಾಲು. ಧೋತರದ ಚುಂಗು ಬಿಗಿಯಾಯಿತು. ನಿಂತೆ.

“ತಿಳೀತದ್ರಿ. ತಿಳಿಯೋದಕ್ಕೇ ಹೇಳಾಕತ್ತೀನಿ. ನಿಮ್ಮಕ್ಕಗ ಸುದ್ದಿ ಜಲ್ದಿ ಮುಟ್ಟಬೇಕು. ಜೀಪ ಅದಲ್ರಿ. ಗನಿಸಾಬಗ ಹಾದಿ ಗೊತ್ತದ. ಕೊಡ್ಲಿ ಕ್ರಾಸಿನ್ಯಾಗ ಚಾ ಕುಡದು ಹೋಗ್ಲಿ.”

ಮುಕಾದಮ, “ನಾಳಿಂದ ಕಣಿ ಮುಖ ನೋಡಬ್ಯಾಡ ನೀ” ಅಂದ. ಸಣ್ಣಗೌಡ ನನ್ನನ್ನು ಬಿಟ್ಟು ಅಣ್ಣನ ಕಡೆ ತಿರುಗಿದ.

“ಗೊಲ್ಲಾಳ, ನಿನ್ನ ತಮ್ಮನ ಮಾತೇ ನಿನ್ನ ಮಾತೇನು?”

ಅಣ್ಣನ ಹೆಗಲ ಮೇಲೆ ಜಗು ಇದ್ದ. ಅವನ ಕೂದಲು ಹಿಡಿದು ಆಡುತ್ತಿದ್ದ. ಅಣ್ಣ ನನ್ನನ್ನು ನೋಡಿದ. ಪೀರಮ್ಮನನ್ನು ನೋಡಿದ. ಈಗ ಹೇಳುತ್ತಾನೆ ಅಂದುಕೊಂಡೆ. ನಾವಿಬ್ಬರೂ ಒಂದೇ ಮೊಲೆಯ ಹಾಲು ಕುಡಿದವರು. ಈಗಲಾದರೂ ಹೇಳುತ್ತಾನೆ.

ಅವನು ಜಗುವನ್ನು ಇಳಿಸಿ ನೆಲದ ಮೇಲೆ ನಿಲ್ಲಿಸಿದ.

“ನನ್ನ ಮಾತಲ್ರಿ ಧಣಿ. ಅವ ಬ್ಯಾರೆ, ನಾ ಬ್ಯಾರೆ. ನಾಲವಾರಕ್ಕ ಯಾರನ್ನರೆ ಕಳಸ್ತೀನಿ. ಚಿಂಚೋಳಿಗಿ ನಾನೇ ಹೋಗ್ತೀನಿ.”

ಒಳಗೆ ಹೋಗಿ ಕೋಲು, ಕಂಬಳಿ ತಂದ. ಜಗು ಅವನ ಕಾಲು ತಬ್ಬಿದ. “ದೊಡ್ಡಪ್ಪ, ನಾನೂ ಬರ್ತೀನಿ.” ಅಣ್ಣ ಬಗ್ಗಿ ಆ ಸಣ್ಣ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. ಮಗುವಿನ ಮುಖ ನೋಡಲಿಲ್ಲ.

ಅವನು ಹೊಲಸು ನೀರು ದಾಟುವಾಗ ಪೀರಮ್ಮ ಕರೆದಳು.

“ಬೀಗಾ, ಹಾದ್ಯಾಗ ನಮ್ಮೂರು ಬರ್ತದ. ಅಲ್ಲಿ ನಿಲ್ಲಬ್ಯಾಡ. ನೀ ಅಲ್ಲಿ ಹೇಳಬೇಕಾಗಿದ್ದನ್ನ ಈ ಹುಡುಗಿ ಹೇಳಿ ಮುಗಿಸ್ಯಾಳ.”

ಅವನು ಒಂದು ಹೆಜ್ಜೆ ತಡೆದ. ಆಮೇಲೆ ಹೋದ.

ಮರುದಿನ ನಾವೂ ಹೊರಟೆವು. ವಾಡಿಗೆ, ಅಮೃತಪ್ಪ ಇದ್ದಲ್ಲಿಗೆ. ಎರಡು ಗಡಿಗೆ, ಒಂದು ಹಂಚು, ಮಕ್ಕಳ ಮೈಮೇಲೆ ಅರ್ಧರ್ಧ ಸೀರೆ. ಬಾಗಿಲುಗಳು ತೆರೆದಿದ್ದವು. ಹೋಗಿ ಬರ್ರಿ ಎಂದು ಯಾರೂ ಅನ್ನಲಿಲ್ಲ. ಹೀರಾಬಾಯಿ ಗೋಡೆಯ ಮರೆಗೆ ನಿಂತು ಜಗುವಿನ ಕೈಗೆ ಏನೋ ಕೊಟ್ಟಳು. ಶೇಂಗಾದ ಉಂಡಿ. ಅವನು ಅಕ್ಕನ ಮುಖ ನೋಡಿದ. ಭೀಮಿ ತಿನ್ನು ಅಂದಳು. ಊರೊಳಗೆ ಹಲಗೆ ಶುರುವಾಗಿತ್ತು. ಅಣ್ಣನ ಕೈಯಲ್ಲ. ಅಣ್ಣ ಚಿಂಚೋಳಿಯ ಹಾದಿಯಲ್ಲಿದ್ದ. ಅದು ಅವನ ಮಗನ ಕೈ. ಇನ್ನೂ ಪೆಟ್ಟು ಕೂಡಿರಲಿಲ್ಲ. ಕೂಡುತ್ತದೆ.

ಹಾದಿ ಕಣಿಯ ದಡದ ಮೇಲೆ ಹೋಗುತ್ತದೆ. ಗೌಡರು ಸತ್ತರೂ ಕಣಿ ನಿಂತಿರಲಿಲ್ಲ. ಕೆಳಗೆ ಸುತ್ತಿಗೆಯ ಸದ್ದು ಮಾತ್ರ. ಮೇಲಿನ ಪದರದಲ್ಲಿ ಹಾರೆ ಹಾಕುತ್ತಿದ್ದರು, ಕೂಗು ಇರಲಿಲ್ಲ. ಭೀಮಿ ಬೇವಿನ ಗಿಡದ ಹತ್ತಿರ ನಿಂತಳು. ದಡದ ತುದಿಗೆ ಹೋದಳು. ನಾನು ಓ ಅನ್ನಲು ಬಾಯಿ ತೆರೆದೆ. ಅವಳು ನನ್ನನ್ನು ಕೂಗಲಿಲ್ಲ.

“ಕೆಳಗ ಯಾರ್ರೋ?”

ಸುತ್ತಿಗೆಗಳು ನಿಂತವು. ಸ್ವಲ್ಪ ಹೊತ್ತಿನ ಮೇಲೆ ಇಮಾಮ್ಬೀಯ ದನಿ ಬಂತು.

“ಓ.”

ಅದರ ಹಿಂದೆ ಇನ್ನೊಂದು. ಮತ್ತೊಂದು. ತಳದ ತುಂಬ ಹೆಂಗಸರಿದ್ದರು. ಮೇಲೆ ಹಾರೆ ಹಿಡಿದವನು ಹಾರೆ ಕೆಳಗಿಟ್ಟ. ಕೆಳಗಿನ ಹೆಂಗಸರು ಬುಟ್ಟಿ ಹಿಡಿದು ಆಚೆ ಸರಿದರು. ಭೀಮಿ ಮತ್ತೊಮ್ಮೆ ಕೂಗಿದಳು. ಈ ಸಲ ಕೆಳಗಿನಿಂದ ಏನೂ ಕೇಳಲಿಲ್ಲ. ಮುಕಾದಮ ಬೈಯುತ್ತ ಓಡಿ ಬರುವುದರೊಳಗೆ ಭೀಮಿ ತಮ್ಮನ ಕೈ ಹಿಡಿದು ಹೊರಟಿದ್ದಳು.

ರೈಲು ಹಳಿಯ ಪಕ್ಕದ ಹಾದಿ. ಅವಳು ಮುಂದೆ, ನಾವು ಹಿಂದೆ. ಹಸಿರು ಸೀರೆಯ ತುಂಡು ಗಾಳಿಗೆ ಹಾರುತ್ತಿತ್ತು. ಬಹಳ ದೂರ ನಡೆದೆವು. ಅವಳು ಒಮ್ಮೆಯೂ ಕೂಗಲಿಲ್ಲ. ತಿರುಗಿಯೂ ನೋಡಲಿಲ್ಲ. ನನಗೆ ಹೆದರಿಕೆಯಾಯಿತು.

“ಭೀಮೀ” ಅಂದೆ.

ತಿರುಗದೆಯೇ ಅಂದಳು:

“ಓ.”